ಎಂಟುನೂರು ವರ್ಷ ಹಳೇ ಹಸ್ತಪ್ರತಿಯಿಂದ ಬೈಜಾಂಟೈನ್ ಹಾಡು ಎತ್ತೋದು ಹೇಗೆ?

ಯೂಟ್ಯೂಬಲ್ಲಿ ಬೈಜಾಂಟೈನ್ ಚಾಂಟ್ (ಗ್ರೀಕ್ ಆರ್ಥೊಡಾಕ್ಸ್ ಚರ್ಚಿನ ಹಳೇ ಪ್ರಾರ್ಥನಾ ಗಾಯನ) ಅಂತ ಹುಡುಕಿದ್ರೆ ಗಂಟೆಗಟ್ಲೆ ಸಿಗತ್ತೆ, ಕತ್ತಲೆ ಚರ್ಚು, ಮೇಣದಬತ್ತಿ, ಕೆಳಗಡೆ ಗುಂಯ್ ಅಂತ ಒಂದು ಶ್ರುತಿ, ಮೇಲೆ ಗಂಡಸರ ದನಿ. ಕೇಳೋಕೆ ಚೆಂದನೇ. ಆದ್ರೆ ಅದರಲ್ಲಿ ಬಹುಪಾಲು 1814ರ ಆಮೇಲೆ ಬಂದ ಲಿಪೀಲಿ ಇರೋ ಪುಸ್ತಕ ನೋಡ್ಕೊಂಡು ಹಾಡಿರೋದು. ಆ ವರ್ಷ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಈಗಿನ ಇಸ್ತಾಂಬುಲ್) ಕ್ರಿಸಾಂಥೋಸ್, ಗ್ರೆಗೋರಿಯೋಸ್, ಹುರ್ಮೂಜಿಯೋಸ್ ಅಂತ ಮೂರು ಜನ ಸೇರಿ ಹಳೇ ಸ್ವರಲಿಪೀನ ಸುಧಾರಣೆ ಮಾಡಿದ್ರು, ಇವತ್ತು ಗ್ರೀಕ್ ಆರ್ಥೊಡಾಕ್ಸ್ ಚರ್ಚುಗಳಲ್ಲಿ ನಡೆಯೋದು ಅದೇ. ಅದಕ್ಕಿಂತ ಹಿಂದೆ, 12ನೇ ಶತಮಾನದಿಂದ ಸುಮಾರು ಆರೂವರೆ ನೂರು ವರ್ಷ ಬೇರೆ ಲಿಪಿ ಇತ್ತು, ಅದಕ್ಕೆ ಮಧ್ಯ ಬೈಜಾಂಟೈನ್ ಲಿಪಿ ಅಂತಾರೆ, ಸಾವಿರಾರು ಹಾಡುಗಳು ಅದರಲ್ಲೇ ಕೂತಿವೆ. ಅಲ್ಲಿಂದ ನೇರವಾಗಿ ಒಂದು ಹಾಡು ಎತ್ತಿ ಬಾಯಿಗೆ ತರೋದು ಹೇಗೆ ಅಂತ ಇಲ್ಲಿ ಹೇಳ್ತೀನಿ.

ಶುರು ಮಾಡೋ ಮುಂಚೆ ಒಂದು ಮಾತು. ಈ ಹಸ್ತಪ್ರತಿಗಳು ಕೆಲವು ವಿಷಯ ಅಚ್ಚುಕಟ್ಟಾಗಿ ಹೇಳ್ತವೆ, ಕೆಲವು ವಿಷಯಕ್ಕೆ ಬಾಯೇ ಬಿಡಲ್ಲ. ಸ್ವರ ಎಷ್ಟು ಮೆಟ್ಟಿಲು ಮೇಲೆ ಹೋಯ್ತು, ಎಷ್ಟು ಕೆಳಗೆ ಬಂತು ಅನ್ನೋದು ಪಕ್ಕಾ ಗೊತ್ತಾಗತ್ತೆ. ಎಷ್ಟು ಸ್ಪೀಡು, ಆ ಮೆಟ್ಟಿಲು ಎಷ್ಟು ಎತ್ತರ, ಎಲ್ಲಿ ಎಷ್ಟು ಗಮಕ, ಇದ್ಯಾವುದೂ ಪಕ್ಕಾ ಇಲ್ಲ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಹೊಸದೇನಲ್ಲ, ನೋಟ್‌ಬುಕ್ಕಲ್ಲಿ ಸ ರಿ ಗ ಮ ಬರ್ಕೊಂಡಿರ್ತೀವಿ, ಆದ್ರೆ ಮೇಷ್ಟ್ರು ಹಾಡಿದ್ದು ಕೇಳದೇ ಇರೋನು ಅದನ್ನ ಓದಿ ತೋಡಿ ಹಾಡ್ತೀನಿ ಅಂದ್ರೆ ಏನಾಗತ್ತೋ ಹಾಗೆ. ಇಲ್ಲಿ ಮೇಷ್ಟ್ರು ತೀರ್ಕೊಂಡು ಎಂಟು ಶತಮಾನ ಆಗಿದೆ, ಅಷ್ಟೇ ವ್ಯತ್ಯಾಸ. ಆದ್ದರಿಂದ ಕೆಲಸ ಮಾಡೋವಾಗ ಎರಡು ಬಣ್ಣದ ಪೆನ್ ಇಟ್ಕೊಳ್ಳಿ. ಹಸ್ತಪ್ರತೀಲಿ ಇರೋದು ಒಂದು ಬಣ್ಣ, ನೀವು ತೀರ್ಮಾನ ಮಾಡಿದ್ದು ಇನ್ನೊಂದು ಬಣ್ಣ. ಕೊನೇವರೆಗೂ ಇವೆರಡು ಕಲೀಬಾರದು.

ಯಾವ ಹಾಡು ತಗೋಬೇಕು

ಹೊಸಬರು ಸೀದಾ ಹೋಗಿ ಯೋಆನ್ನಿಸ್ ಕುಕುಜೇಲಿಸ್ ಹಾಡಿಗೆ ಕೈ ಹಾಕ್ತಾರೆ, ಯಾಕಂದ್ರೆ ಹೆಸರು ದೊಡ್ಡದು. 13-14ನೇ ಶತಮಾನದ ವಾಗ್ಗೇಯಕಾರ, ಅವರ ಕಾಲದಲ್ಲಿ ಬೆಳೆದ ಕಲೋಫೋನಿಕ್ ಶೈಲೀಲಿ ಒಂದೊಂದು ಅಕ್ಷರಕ್ಕೆ ಸಾಲುಗಟ್ಲೆ ಸ್ವರ, ಮಧ್ಯೆ ತೆ-ರಿ-ರೆಮ್ ಅಂತ ಅರ್ಥವಿಲ್ಲದ ಅಕ್ಷರಗಳು, ನಮ್ಮ ತಿಲ್ಲಾನ ನೆನಪಾಗತ್ತೆ. ಅದು ಆಮೇಲಿಗೆ ಇರಲಿ. ಮೊದಲು ಸ್ತಿಖಿರೋನ್ ಅನ್ನೋ ಜಾತಿ ಹಾಡು ತಗೊಳ್ಳಿ, ಇದರಲ್ಲಿ ಹೆಚ್ಚುಕಮ್ಮಿ ಒಂದು ಅಕ್ಷರಕ್ಕೆ ಒಂದೋ ಎರಡೋ ಸ್ವರ, ಸಾಲಿನ ಕೊನೇಲಿ ಸ್ವಲ್ಪ ಎಳೆತ. ಇವನ್ನೆಲ್ಲ ಒಟ್ಟು ಮಾಡಿರೋ ಪುಸ್ತಕಕ್ಕೆ ಸ್ತಿಖಿರಾರಿಯೋನ್ ಅಂತ ಹೆಸರು.

ನಾನು ಯಾರು ಕೇಳಿದ್ರೂ ಹೇಳೋದು ಕಾಸಿಯಾಳ ಕ್ರಿಸ್ಮಸ್ ಹಾಡು. ಕಾಸಿಯಾ 9ನೇ ಶತಮಾನದ ಕಾನ್‌ಸ್ಟಾಂಟಿನೋಪಲ್‌ನ ಸನ್ಯಾಸಿನಿ, ಕವಿ, ಹಾಡು ಕಟ್ಟಿದ ಹೆಂಗಸು, ಅವಳ ರಚನೆಗಳನ್ನ ಇವತ್ತಿಗೂ ಚರ್ಚಲ್ಲಿ ಹಾಡ್ತಾರೆ. ಈಸ್ಟರ್ ಮುಂಚಿನ ಪವಿತ್ರ ವಾರದಲ್ಲಿ ಬರೋ ಪಾಪಿ ಹೆಂಗಸಿನ ಹಾಡು ಅವಳದ್ದೇ ಅತಿ ಪ್ರಸಿದ್ಧ, ಆದ್ರೆ ಕಲಿಯೋಕೆ ಕ್ರಿಸ್ಮಸ್‌ದೇ ಒಳ್ಳೇದು. ಕಾರಣ ಹೇಳ್ತೀನಿ. ಅದರ ಮೊದಲ ಸಾಲು 'ಅವ್ಗೂಸ್ತು ಮೊನರ್ಹೀಸಾಂದೊಸ್ ಎಪೀ ತಿಸ್ ಗಿಸ್', ಅಂದ್ರೆ ಆಗಸ್ಟಸ್ ಭೂಮಿಗೆಲ್ಲ ಒಬ್ಬನೇ ದೊರೆಯಾದಾಗ. ಎರಡನೇದು 'ಮನುಷ್ಯರ ಹಲವು ಆಳ್ವಿಕೆಗಳು ನಿಂತವು'. ಮೂರನೇದು 'ಕೆ ಸೂ ಎನಾನ್ಥ್ರೊಪೀಸಾಂದೊಸ್ ಎಕ್ ತಿಸ್ ಅಗ್ನೀಸ್', ನೀನು ಆ ಪರಿಶುದ್ಧಳಿಂದ ಮನುಷ್ಯನಾದಾಗ. ನಾಲ್ಕನೇದು 'ವಿಗ್ರಹಗಳ ಬಹುದೇವತ್ವ ರದ್ದಾಯ್ತು'. ಈಗ ಬೆರಳು ಮಡಚಿ ಲೆಕ್ಕ ಹಾಕಿ. ಒಂದನೇ ಸಾಲಲ್ಲಿ 12 ಅಕ್ಷರ, ಮೂರನೇದರಲ್ಲೂ 12. ಎರಡು ಮತ್ತು ನಾಲ್ಕರಲ್ಲಿ ಗ್ರೀಕ್ ಮೂಲದಲ್ಲಿ 14 ಮತ್ತು 14. ಒತ್ತು ಬೀಳೋ ಜಾಗಾನೂ ಹೆಚ್ಚುಕಮ್ಮಿ ಒಂದೇ, ಒಂದನೇ ಮೂರನೇ ಸಾಲಲ್ಲಿ 2, 6, 12ನೇ ಅಕ್ಷರಕ್ಕೆ ಒತ್ತು ಸರಿಯಾಗಿ ಕೂರತ್ತೆ. ರೋಮ್ ಚಕ್ರವರ್ತೀನೂ ದೇವರನ್ನೂ ಪಕ್ಕಪಕ್ಕ ನಿಲ್ಲಿಸಿ ಹೋಲಿಸೋ ಪದ್ಯ ಇದು, ಆ ಜೋಡಿ ಸಾಲುಗಳಿಗೆ ರಾಗಾನೂ ಜೋಡಿ ಜೋಡಿಯಾಗೇ ಬರತ್ತೆ. ಕಲಿಯೋನಿಗೆ ಇದಕ್ಕಿಂತ ಒಳ್ಳೇ ಉಡುಗೊರೆ ಇಲ್ಲ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಹಸ್ತಪ್ರತಿ ಹುಡುಕೋದು

ಒಂದಲ್ಲ, ಎರಡು ಬೇಕು. ಒಂದನ್ನೇ ನಂಬ್ಕೊಂಡು ಮಾಡಿದ್ರೆ ಲಿಪಿಕಾರನ ಕೈತಪ್ಪನ್ನೂ ಕಾಸಿಯಾಳ ರಾಗ ಅಂತ ಹಾಡ್ಕೊಂಡು ಕೂತಿರ್ತೀರ.

ಮೊದಲನೇದು ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿರೋ ಥಿಯೊಲಾಜಿಕಸ್ ಗ್ರೀಕ್ 181. 13ನೇ ಶತಮಾನದ ಮೊದಲ ಭಾಗದಲ್ಲಿ ಯೋಆನ್ನಿಸ್ ದಲಸ್ಸಿನೋಸ್ ಅನ್ನೋನು ಬರೆದದ್ದು, ಪೂರ್ತಿ ಸ್ತಿಖಿರಾರಿಯೋನ್. ಕೋಪನ್‌ಹೇಗನ್‌ನಲ್ಲಿ 1931ರಲ್ಲಿ ಶುರುವಾದ ಮೊನುಮೆಂಟಾ ಮ್ಯೂಸಿಕೇ ಬೈಜಾಂಟಿನೇ ಅನ್ನೋ ಯೋಜನೆಯವರು ಮೊಟ್ಟಮೊದಲು ಫೋಟೋ ತೆಗೆದು 1935ರಲ್ಲಿ ಅಚ್ಚು ಹಾಕಿದ್ದು ಇದೇ, ಹಾಗಾಗಿ ದೊಡ್ಡ ಸಂಗೀತ ಲೈಬ್ರರಿಗಳಲ್ಲಿ ಸಿಗತ್ತೆ. ಎರಡನೇದಕ್ಕೆ ಮಿಲಾನ್‌ನ ಆಂಬ್ರೋಸಿಯನ್ ಲೈಬ್ರರಿಯ 1341ರ ಸ್ತಿಖಿರಾರಿಯೋನ್ ಇದೆ, ಅದನ್ನೂ ಅವರೇ 1992ರಲ್ಲಿ ತಂದ್ರು. ಮನೇಲೇ ಕೂತು ನೋಡ್ಬೇಕು ಅಂದ್ರೆ ಸಿನಾಯ್ ಬೆಟ್ಟದ ಸೇಂಟ್ ಕ್ಯಾಥರಿನ್ ಮಠದ ಹಸ್ತಪ್ರತಿಗಳು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು 1949-50ರಲ್ಲಿ ಅಲ್ಲಿಗೆ ಹೋಗಿ ಮೈಕ್ರೋಫಿಲ್ಮ್ ಮಾಡ್ಕೊಂಡು ಬಂದಿದ್ರು, ಈಗ ಅವು ಆನ್‌ಲೈನಲ್ಲಿ ಫ್ರೀಯಾಗಿ ಇವೆ. ಅದರಲ್ಲಿ ಸಿನಾಯ್ ಗ್ರೀಕ್ 1218 ಅನ್ನೋದು 1177ರದ್ದು, ತಾರೀಖು ಇರೋ ಮಧ್ಯ ಬೈಜಾಂಟೈನ್ ಲಿಪಿಯ ಅತಿ ಹಳೇ ಪುಸ್ತಕ ಅಂತ ಸಾಮಾನ್ಯವಾಗಿ ಅದನ್ನೇ ತೋರಿಸ್ತಾರೆ. ವ್ಯಾಟಿಕನ್ ಲೈಬ್ರರೀದೂ ತುಂಬಾ ಆನ್‌ಲೈನಲ್ಲಿದೆ.

ಮೈಕ್ರೋಫಿಲ್ಮ್ ಬಗ್ಗೆ ಒಂದು ಎಚ್ಚರಿಕೆ, ಅದು ಕಪ್ಪು ಬಿಳುಪು. ಹಳೇ ಲಿಪಿಕಾರರು ರಾಗದ ಗುರುತು, ಕೆಲವು ಅಲಂಕಾರ ಚಿಹ್ನೆಗಳನ್ನ ಕೆಂಪು ಶಾಯೀಲಿ ಬರೆಯೋ ರೂಢಿ ಇತ್ತು, ಮೈಕ್ರೋಫಿಲ್ಮಲ್ಲಿ ಕೆಂಪು ಯಾವುದು ಕಪ್ಪು ಯಾವುದು ಗೊತ್ತಾಗಲ್ಲ, ಕೆಂಪು ಮಸುಕಾಗಿದ್ರೆ ಮಾಯಾನೇ ಆಗಿರತ್ತೆ. ಕಲರ್ ಫೋಟೋ ಸಿಕ್ಕಿದ್ರೆ ಅದೇ ತಗೊಳ್ಳಿ.

ಪುಟ ಹುಡುಕೋಕೆ ಇಂಡೆಕ್ಸ್ ಅಂತ ಏನೂ ಇರಲ್ಲ. ಬೈಜಾಂಟೈನ್ ವರ್ಷ ಶುರುವಾಗೋದು ಸೆಪ್ಟೆಂಬರ್ 1ಕ್ಕೆ, ಪುಸ್ತಕಾನೂ ಅಲ್ಲಿಂದಲೇ ಶುರು. ಹಾಗಾಗಿ ಡಿಸೆಂಬರ್ ಬೇಕು ಅಂದ್ರೆ ಮುಂದಿನಿಂದ ಸ್ವಲ್ಪ ದೂರ ಹೋದ್ರೆ ಸಾಕು, ಕೊನೆಗೆ ಹೋಗಿ ಹುಡುಕ್ಬೇಡಿ. ತಿಂಗಳ ಹೆಸರು ತಲೆಬರಹದಲ್ಲಿ ಇರತ್ತೆ, ತಾರೀಖು ಗ್ರೀಕ್ ಅಕ್ಷರದಲ್ಲಿ: ಕಾಪ್ಪಾ ಅಂದ್ರೆ 20, ಎಪ್ಸಿಲೋನ್ ಅಂದ್ರೆ 5, ಎರಡೂ ಸೇರಿ ಮೇಲೊಂದು ಗೆರೆ ಇದ್ರೆ 25. ಆ ದಿನದ ಹಾಡುಗಳಲ್ಲಿ ಆಲ್ಫಾದಿಂದ ಶುರುವಾಗೋ ದೊಡ್ಡಕ್ಷರ, ಪಕ್ಕದಲ್ಲಿ ಎರಡನೇ ಇಕೋಸ್‌ನ (ಇಕೋಸ್ ಅಂದ್ರೆ ನಮ್ಮ ರಾಗದಂಥ ಚೌಕಟ್ಟು, ಅಂಥವು ಎಂಟು) ಗುರುತು ಅಂದ್ರೆ ಬೀಟಾ ಅಕ್ಷರ, ಇವೆರಡು ಕಂಡ್ರೆ ಬಂತು ಅಂತ ಲೆಕ್ಕ. ಆದ್ರೆ ಆ ಕಾಲದ ಕೂಡಕ್ಷರದಲ್ಲಿ ಬೀಟಾ ನಮಗೆ ಗೊತ್ತಿರೋ ಥರ ಇರಲ್ಲ, ಇಂಗ್ಲಿಷಿನ ಸಣ್ಣ ಯು ಥರ ಕಾಣತ್ತೆ, ಅದನ್ನ ನೋಡಿ ಇದಲ್ಲ ಅಂತ ಪುಟ ತಿರುವಿಬಿಡೋರು ಇದ್ದಾರೆ.

ಮೊದಲು ಸಾಹಿತ್ಯ, ಆಮೇಲೆ ಸ್ವರ

ಗ್ರೀಕ್ ಬರಲ್ಲ ಅಂತ ಹೆದರ್ಬೇಡಿ, ಅಕ್ಷರಮಾಲೆ ಗೊತ್ತಿದ್ರೆ ಈ ಹಂತ ದಾಟಬಹುದು. ಇದೇ ಹಾಡು ಇವತ್ತೂ ಬಳಕೇಲಿ ಇರೋದ್ರಿಂದ ಪೂರ್ತಿ ಸಾಹಿತ್ಯ ಅಚ್ಚಾಗಿ ಸಿಗತ್ತೆ, ಅದನ್ನ ಪಕ್ಕದಲ್ಲಿ ಇಟ್ಕೊಂಡು ಹಸ್ತಪ್ರತೀನ ಅಕ್ಷರ ಅಕ್ಷರವಾಗಿ ಹೊಂದಿಸಿ. ದೇವರು, ಕರ್ತ, ಕ್ರಿಸ್ತ ಇಂಥ ಪವಿತ್ರ ಪದಗಳನ್ನ ಪೂರ್ತಿ ಬರೆಯಲ್ಲ, ಮೊದಲ ಅಕ್ಷರ ಕೊನೇ ಅಕ್ಷರ ಬರೆದು ಮೇಲೆ ಗೆರೆ ಎಳೀತಾರೆ. ಹಾಡೋವಾಗ ಪೂರ್ತಿ ಹಾಡ್ಬೇಕು, ಸ್ವರಾನೂ ಪೂರ್ತಿ ಪದಕ್ಕೇ ಇರತ್ತೆ. ಉಚ್ಚಾರಣೆಗೆ ಈಗಿನ ಗ್ರೀಕ್ ತರಾನೇ ಹೇಳಿ, 13ನೇ ಶತಮಾನಕ್ಕೆ ಅದು ದೂರ ಅಲ್ಲ. ಯೂರೋಪಿನ ಕಾಲೇಜುಗಳಲ್ಲಿ ಹೋಮರ್ ಓದೋಕೆ ಬಳಸೋ ಪುನರ್ರಚಿತ ಪ್ರಾಚೀನ ಉಚ್ಚಾರಣೆ ಇಲ್ಲಿ ಬೇಡ.

ಒಂದು ಎಕ್ಸೆಲ್ ಶೀಟ್ ತೆಗೀರಿ. ಒಂದು ಅಕ್ಷರಕ್ಕೆ ಒಂದು ಸಾಲು. ಮೊದಲ ಕಾಲಂ ಅಕ್ಷರ, ಎರಡನೇದು ಮೇಲಿರೋ ಚಿಹ್ನೆಗಳ ಹೆಸರು, ಮೂರನೇದು ಮೆಟ್ಟಿಲು, ನಾಲ್ಕನೇದು ಇಲ್ಲೀವರೆಗಿನ ಮೊತ್ತ, ಐದನೇದು ಉದ್ದದ ಚಿಹ್ನೆ ಏನಾದ್ರೂ ಇದ್ರೆ, ಆರನೇದು ಡೌಟು. ಒಂದು ಅಕ್ಷರಕ್ಕೆ ಎರಡು ಸ್ವರ ಬಂದ್ರೆ ಎರಡು ಸಾಲು ಮಾಡಿ. ಯೂನಿಕೋಡಲ್ಲಿ ಬೈಜಾಂಟೈನ್ ಸಂಗೀತ ಚಿಹ್ನೆಗಳಿಗೆ ಅಂತಾನೇ ಜಾಗ ಇದೆ, ಆದ್ರೆ ಒಂದರ ಮೇಲೊಂದು ಕೂರೋ ಚಿಹ್ನೆಗಳನ್ನ ಫಾಂಟುಗಳು ಸರಿಯಾಗಿ ಜೋಡಿಸಲ್ಲ. ಹೆಸರನ್ನೇ ಕನ್ನಡದಲ್ಲಿ ಟೈಪ್ ಮಾಡಿ, ಜೊತೆಗೆ ಕೈಯಲ್ಲಿ ಒಂದು ಪ್ರತಿ ಬರ್ಕೊಳ್ಳಿ, ಕೈಯಲ್ಲಿ ಬರೆದಾಗಲೇ ಕಣ್ಣಿಗೆ ಲಿಪಿ ಹತ್ತೋದು.

ಮೆಟ್ಟಿಲು ಎಣಿಸೋದು

ಇದು ಈ ಕೆಲಸದ ಹೃದಯ. ಈ ಲಿಪೀಲಿ ಚಿಹ್ನೆ ಅಂದ್ರೆ ಇಂಥ ಸ್ವರ ಅಂತಲ್ಲ, ಹಿಂದಿನ ಸ್ವರದಿಂದ ಎಷ್ಟು ಮೆಟ್ಟಿಲು ಹತ್ಬೇಕು ಇಳೀಬೇಕು ಅಂತ. ಮುಖ್ಯವಾದವು ಇಷ್ಟು.

ಈಸೊನ್: ಅದೇ ಸ್ವರ, 0. ಒಂದು ಮೆಟ್ಟಿಲು ಹತ್ತೋಕೆ ಹಲವು ಚಿಹ್ನೆ ಇವೆ: ಓಲಿಗೋನ್ ಅಡ್ಡ ಗೆರೆ, ಓಕ್ಸಿಯಾ ಓರೆ ಗೆರೆ, ಪೆತಸ್ತಿ ಬಾಗಿದ ಕೊಕ್ಕೆ, ಜೋಡಿ ಕೆಂದಿಮಾತಾ ಎರಡು ಚಿಕ್ಕ ಚುಕ್ಕೆ. ಎಲ್ಲದಕ್ಕೂ ಬೆಲೆ +1, ಆದ್ರೆ ಒತ್ತು, ಅಲಂಕಾರ ಬೇರೆ ಬೇರೆ. ಒಂಟಿ ಕೆಂದಿಮಾ ಅಂದ್ರೆ ಹಾರಿ +2, ಇಪ್ಸಿಲಿ ಅಂದ್ರೆ ಹಾರಿ +4. ಇಳಿಯೋಕೆ ಅಪೋಸ್ತ್ರೊಫೋಸ್ −1, ಎಲಫ್ರೋನ್ ಹಾರಿ −2, ಹಮಿಲಿ ಹಾರಿ −4. ಅಪೊರ್ರೋಇ ಕೂಡ −2, ಆದ್ರೆ ಹಾರಲ್ಲ, ಒಂದೊಂದೇ ಮೆಟ್ಟಿಲು ಜಾರ್ಕೊಂಡು ಬರತ್ತೆ.

ಜೊತೆಯಾಗಿ ಬಂದಾಗ ನಿಯಮ ಬೇರೆ, ಎಲ್ಲರಿಗೂ ತಲೆನೋವು ಬರೋದು ಇಲ್ಲೇ. ಓಲಿಗೋನ್ ಮೇಲೆ ಈಸೊನ್ ಕೂತಿದ್ರೆ ಓಲಿಗೋನ್‌ನ +1 ರದ್ದು, ಮೊತ್ತ 0. ಓಲಿಗೋನ್ ಮೇಲೆ ಇಳಿಯೋ ಚಿಹ್ನೆ ಕೂತಿದ್ರೂ ಹಾಗೇ, ಇಳಿಯೋದು ಮಾತ್ರ ಲೆಕ್ಕ. ಹಾಗಾದ್ರೆ ಓಲಿಗೋನ್ ಯಾಕೆ ಬರೆದ ಅಂದ್ರೆ ಹಾಡೋ ರೀತಿ ತೋರಿಸೋಕೆ, ಸ್ವರಕ್ಕೆ ಒಂದು ಬಲ ಕೊಡೋಕೆ. ಕೆಂದಿಮಾ ಓಲಿಗೋನ್‌ನ ಕೆಳಗೋ ಬಲಕ್ಕೋ ಇದ್ರೆ ಓಲಿಗೋನ್ ರದ್ದು, ಬರೀ +2. ಮೇಲೆ ಕೂತಿದ್ರೆ ಎರಡೂ ಸೇರಿ +3. ಜೋಡಿ ಕೆಂದಿಮಾತಾ ಮಾತ್ರ ಯಾರಿಗೂ ಸೇರಲ್ಲ, ಯಾರನ್ನೂ ರದ್ದು ಮಾಡಲ್ಲ, ತನ್ನ ಪಾಡಿಗೆ ಇನ್ನೊಂದು ಸ್ವರವಾಗಿ ಹಿಂದೆ ಬರತ್ತೆ.

ಅಭ್ಯಾಸಕ್ಕೆ ನಾನೇ ಜೋಡಿಸಿದ ಒಂದು ಸಾಲು ನೋಡಿ. ಈಸೊನ್, ಓಲಿಗೋನ್, ಜೋಡಿ ಕೆಂದಿಮಾತಾ, ಅಪೋಸ್ತ್ರೊಫೋಸ್, ಎಲಫ್ರೋನ್, ಓಲಿಗೋನ್ ಮೇಲೆ ಈಸೊನ್, ಓಲಿಗೋನ್ ಮೇಲೆ ಕೆಂದಿಮಾ, ಅಪೋಸ್ತ್ರೊಫೋಸ್, ಅಪೋಸ್ತ್ರೊಫೋಸ್. ಮೊತ್ತದ ಕಾಲಂ ಹೀಗೆ ಬರಬೇಕು: 0, 1, 2, 1, −1, −1, 2, 1, 0. ಶುರುವಾದ ಸ್ವರಕ್ಕೇ ವಾಪಸ್ ಬಂದಿದೆ. ಓಲಿಗೋನ್ ಮೇಲಿನ ಈಸೊನ್ ಗಮನಿಸದೇ +1 ಅಂತ ಹಾಕಿದ್ರೆ ಅಲ್ಲಿಂದ ಮುಂದೆ ಎಲ್ಲಾ ಒಂದು ಮೆಟ್ಟಿಲು ಮೇಲೆ ಹೋಗಿ ಕೊನೆಗೆ 1ರಲ್ಲಿ ನಿಂತಿರತ್ತೆ. ಒಂದು ಚಿಹ್ನೆ ತಪ್ಪಿದ್ರೆ ಆ ಒಂದು ಸ್ವರ ಮಾತ್ರ ಅಲ್ಲ, ಉಳಿದ ಹಾಡೆಲ್ಲ ಜರುಗತ್ತೆ, ಅದೇ ಈ ಲಿಪಿಯ ಕಷ್ಟ.

ಅದಕ್ಕೇ ಲಿಪಿಕಾರರು ಮಧ್ಯೆ ಮಧ್ಯೆ ಚೆಕ್‌ಪೋಸ್ಟ್ ಇಟ್ಟಿದ್ದಾರೆ, ಮಾರ್ತಿರಿಯಾ ಅಂತ. ಸಾಲು ಮುಗಿಯೋ ಜಾಗದಲ್ಲಿ ಚಿಕ್ಕದಾಗಿ ಒಂದು ಇಕೋಸ್‌ನ ಗುರುತು, ಈಗ ನೀನು ಈ ಸ್ವರದಲ್ಲಿ ಇರಬೇಕು ಅಂತ. ನಿಮ್ಮ ಮೊತ್ತ ಅದಕ್ಕೆ ಹೊಂದಿದ್ರೆ ಮುಂದೆ ಹೋಗಿ. ಹೊಂದದಿದ್ರೆ ಹಿಂದಿನ ಚೆಕ್‌ಪೋಸ್ಟಿಂದ ಇಲ್ಲೀವರೆಗೆ ಮತ್ತೆ ಎಣಿಸಿ. ಒಳ್ಳೇದೇನಂದ್ರೆ ತಪ್ಪು ಎರಡು ಮಾರ್ತಿರಿಯಾ ಮಧ್ಯೆ ಸಿಕ್ಕಿಬಿದ್ದಿರತ್ತೆ, ಇಡೀ ಹಾಡು ಹುಡುಕೋದು ಬೇಡ. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಮೊತ್ತ ಸರಿ ಬಂದುಬಿಡೋದೂ ಉಂಟು, ಅದಕ್ಕೆ ಇನ್ನೊಂದು ಪರೀಕ್ಷೆ ಬೇಕು.

ಆ ಪರೀಕ್ಷೇನೇ ಕಾಸಿಯಾಳ ಜೋಡಿ ಸಾಲುಗಳು. ಒಂದನೇ ಸಾಲಿನ ಮೊತ್ತದ ಕಾಲಮ್ಮು, ಮೂರನೇ ಸಾಲಿನದ್ದು, ಪಕ್ಕಪಕ್ಕ ಇಡಿ. ಎರಡು ಮತ್ತು ನಾಲ್ಕು ಪಕ್ಕಪಕ್ಕ. ಮುಂದೆ 'ಒಂದೇ ಲೌಕಿಕ ಸಾಮ್ರಾಜ್ಯದ ಕೆಳಗೆ' ಅನ್ನೋ ಸಾಲು ಬರತ್ತೆ, ಅದಕ್ಕೆ ಜೋಡಿ 'ಒಂದೇ ದೈವತ್ವದ ಒಡೆತನದಲ್ಲಿ', ಅಲ್ಲೂ ಗ್ರೀಕಲ್ಲಿ 12ಕ್ಕೆ 12 ಅಕ್ಷರ. ಎರಡೂ ಕಡೆ ಅಂಕಿ ಒಂದೇ ಬಂದ್ರೆ ನಿಮ್ಮ ಓದು ಸರಿ ಇದೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ. ಬೇರೆ ಬಂದ ಜಾಗ ಇದ್ರೆ ಅಲ್ಲಿ ಎರಡನೇ ಹಸ್ತಪ್ರತಿ ತೆಗೀರಿ. ಅದು ಜೋಡಿ ಸಾಲಿನ ಪರವಾಗಿದ್ರೆ ಮೊದಲನೇದರಲ್ಲಿ ಕೈತಪ್ಪು ಇರಬಹುದು, ಎರಡೂ ಹಸ್ತಪ್ರತಿ ಒಂದೇ ಥರ ಬೇರೆ ಇದ್ರೆ ಅದು ರಾಗದಲ್ಲೇ ಬೇಕಂತ ಇರೋ ವ್ಯತ್ಯಾಸ, ಸುಮ್ನೆ ಬಿಟ್ಬಿಡಿ, ನೀಟಾಗಿ ಕಾಣ್ಲಿ ಅಂತ ತಿದ್ದೋಕೆ ಹೋಗ್ಬೇಡಿ. ಎರಡು ಪ್ರತಿಗಳಲ್ಲಿ ಓಕ್ಸಿಯಾ ಇದ್ದ ಕಡೆ ಪೆತಸ್ತಿ ಇರೋದು ಸಾಮಾನ್ಯ, ಮೆಟ್ಟಿಲು ಒಂದೇ ಆದ್ರೆ ಚಿಂತೆ ಬೇಡ, ಡೌಟ್ ಕಾಲಮ್ಮಲ್ಲಿ ಬರ್ಕೊಂಡು ಮುಂದೆ ಹೋಗಿ.

ಮೆಟ್ಟಿಲು ಎಷ್ಟೆತ್ತರ

ಇಲ್ಲಿಂದ ಪೆನ್ನಿನ ಬಣ್ಣ ಬದಲಾಯಿಸಿ.

ಬೈಜಾಂಟೈನ್ ಸಂಗೀತದಲ್ಲಿ ಎಂಟು ಇಕೋಸ್, ನಾಲ್ಕು ಮುಖ್ಯ, ನಾಲ್ಕು ಅವುಗಳ ಪ್ಲಾಗಲ್ ಅಂದ್ರೆ ಕೆಳಗಿನ ಜೊತೆಗಾರರು. ಸಿರಿಯನ್ ಚರ್ಚುಗಳಲ್ಲೂ ಎಂಟರ ಪದ್ಧತಿ ಇದೆ, ಅದೇ ಕೇರಳದ ಮಲಂಕರ ಚರ್ಚುಗಳಿಗೂ ಬಂದಿದೆ, ನಮ್ಮ ಉಡುಪಿ ಕಡೆ ಬ್ರಹ್ಮಾವರದ ಆರ್ಥೊಡಾಕ್ಸ್ ಸಿರಿಯನ್ ಚರ್ಚು ಸೇರಿರೋದು ಆ ಸಭೆಗೇ. ರಾಗ ಬೇರೆ, ಎಂಟರ ಚೌಕಟ್ಟು ಮಾತ್ರ ನೆಂಟರದ್ದು. ಪ್ರತಿ ಇಕೋಸ್‌ಗೂ ಶುರು ಮಾಡೋ ಮುಂಚೆ ಹಾಡೋ ಒಂದು ಚಿಕ್ಕ ಆಲಾಪ ಇದೆ, ಮೊದಲನೇದಕ್ಕೆ ಅನನೆಆನೆಸ್, ಎರಡನೇದಕ್ಕೆ ನೆಆನೆಸ್, ಹೀಗೆ. ಅರ್ಥ ಇಲ್ಲ, ಬಾಯಿಗೆ ಕಿವಿಗೆ ರಾಗ ಕೂರಿಸೋಕೆ. ಅದನ್ನ ಬಿಡ್ಬೇಡಿ, ಹಾಡಿನ ಮುಂದಿರೋ ಗುರುತು ಒಂದರ್ಥದಲ್ಲಿ ಅದನ್ನೇ ಸೂಚಿಸೋದು.

ಈಗಿನ ಚರ್ಚಿನ ಸ್ಕೇಲ್ ಬೇಕಂದ್ರೆ 1881-83ರ ಪೇಟ್ರಿಯಾರ್ಕೇಟ್ (ಆ ಚರ್ಚಿನ ಮುಖ್ಯ ಪೀಠ) ಕಮಿಟಿ ಲೆಕ್ಕ ಇದೆ. ಒಂದು ಸ್ಥಾಯೀನ 72 ಭಾಗ ಮಾಡಿ ದೊಡ್ಡ ಮೆಟ್ಟಿಲಿಗೆ 12, ನಡುವಿನದಕ್ಕೆ 10, ಚಿಕ್ಕದಕ್ಕೆ 8. ಟ್ಯೂನರ್ ಆ್ಯಪ್‌ನ ಸೆಂಟ್ಸ್ ಲೆಕ್ಕದಲ್ಲಿ 200, 167, 133. ಪಾ ಅನ್ನೋ ಸ್ವರಾನ ಷಡ್ಜ ಅಂದ್ಕೊಂಡ್ರೆ ಮುಂದಿನ ವೂ ಅನ್ನೋದು 167 ಸೆಂಟ್ಸ್, ನಮ್ಮ ಶುದ್ಧ ರಿಷಭಕ್ಕೂ ಚತುಶ್ರುತಿ ರಿಷಭಕ್ಕೂ ಮಧ್ಯೆ ಎಲ್ಲೋ, ಹಾರ್ಮೋನಿಯಂನಲ್ಲಿ ಇಲ್ಲದ ಜಾಗ. ಕೀಬೋರ್ಡ್ ಇಟ್ಕೊಂಡು ಕಲಿತ್ರೆ ಇದು ಯಾವತ್ತೂ ಬರಲ್ಲ, ತಂಬೂರಿ ಆ್ಯಪ್ ಹಾಕ್ಕೊಂಡು ಕಲೀರಿ.

ಸಮಸ್ಯೆ ಏನಂದ್ರೆ ನಮ್ಮ ಹಾಡು ಎರಡನೇ ಇಕೋಸ್. ಇವತ್ತು ಅದನ್ನ ಕ್ರೋಮ್ಯಾಟಿಕ್ ಆಗಿ ಹಾಡ್ತಾರೆ, 8, 14, 8 ಭಾಗ, ಮಧ್ಯದ ಮೆಟ್ಟಿಲು ದೊಡ್ಡದು, ಅರಬ್ಬೀ ಸಂಗೀತದ ವಾಸನೆ ಬರತ್ತೆ ಅಂತ ಜನ ಹೇಳೋದು ಇದಕ್ಕೇ. 13ನೇ ಶತಮಾನದಲ್ಲೂ ಹೀಗೇ ಇತ್ತಾ? ಕೋಪನ್‌ಹೇಗನ್ ಕಡೆಯ ಹಳೇ ವಿದ್ವಾಂಸರು, ಎಗೋನ್ ವೆಲ್ಲೆಸ್, ಟಿಲ್‌ಯಾರ್ಡ್ ಇವರೆಲ್ಲ, ಇಲ್ಲ ಅಂತ ಪೂರ್ತಿ ಡಯಾಟೋನಿಕ್ ಆಗಿ, ಅಂದ್ರೆ ಮಧ್ಯೆ ಅಂಥ ದೊಡ್ಡ ಮೆಟ್ಟಿಲು ಇಲ್ಲದ ಸಾದಾ ಸ್ಕೇಲಲ್ಲಿ ಬರೆದ್ರು, ಕ್ರೋಮ್ಯಾಟಿಕ್ ಅನ್ನೋದು ತುರ್ಕಿ ಆಳ್ವಿಕೇಲಿ ಸೇರಿದ್ದು ಅನ್ನೋ ಧಾಟಿ. ಗ್ರೀಕ್ ಗಾಯಕರು ಇದನ್ನ ಒಪ್ಪಲ್ಲ, ಹಳೇ ಲಿಪೀಲೇ ನೆನಾನೊ ಅಂತ ಕ್ರೋಮ್ಯಾಟಿಕ್ ಕಡೆ ತಿರುಗೋ ಗುರುತು ಇದೆಯಲ್ಲ ಅಂತ ತೋರಿಸ್ತಾರೆ. ನನ್ನ ಸಲಹೆ, ಮೊದಲು ಡಯಾಟೋನಿಕ್ ಆಗಿ ಕಲೀರಿ, ಯಾಕಂದ್ರೆ ಜೋಡಿ ಸಾಲುಗಳ ಆಕಾರ ಅದರಲ್ಲಿ ಸ್ಪಷ್ಟ ಕೇಳತ್ತೆ. ಆಮೇಲೆ ಕ್ರೋಮ್ಯಾಟಿಕ್ ಆಗಿ ಹಾಡಿ ನೋಡಿ. ಯಾವುದು ರೆಕಾರ್ಡ್ ಮಾಡಿದ್ರಿ ಅಂತ ಬರೆದುಬಿಡಿ, ಮುಗೀತು. ಇದೇ ಸರಿ ಅಂತ ಜಗಳಕ್ಕೆ ನಿಲ್ಲೋಷ್ಟು ಪುರಾವೆ ಎರಡೂ ಕಡೆ ಇಲ್ಲ.

ಸ್ಪೀಡಿನ ಜಗಳ

ಇದು ಇನ್ನೂ ದೊಡ್ಡದು. ಉದ್ದದ ಚಿಹ್ನೆಗಳು ಕೆಲವು ಇವೆ: ದಿಪ್ಲಿ, ಕ್ರಾತಿಮಾ ಇದ್ರೆ ಎಳೀಬೇಕು, ಅಪೋದೆರ್ಮಾ ಸಾಲಿನ ಕೊನೇಲಿ ನಿಲ್ಲಿಸೋಕೆ, ಗೋರ್ಗೋನ್ ಬೇಗ, ಆರ್ಗೋನ್ ನಿಧಾನ. ಜೋಡಿ ಅಪೋಸ್ತ್ರೊಫೋಸ್ ಅಂದ್ರೆ −1 ಮತ್ತು ಉದ್ದ. ಆದ್ರೆ ಬಾಕಿ ಮಾಮೂಲಿ ಸ್ವರಗಳ ಉದ್ದ ಎಷ್ಟು, ಲಯ ಇತ್ತಾ ಇಲ್ವಾ?

ಕಾನ್‌ಸ್ಟಾಂಟಿನೋಪಲ್‌ನಿಂದ 1904ರಲ್ಲಿ ಅಥೆನ್ಸಿಗೆ ಬಂದ ಕೊನ್‌ಸ್ತಾಂದಿನೋಸ್ ಪ್ಸಾಹೋಸ್ ಹೇಳಿದ್ದು, ಹಳೇ ಲಿಪಿ ಶಾರ್ಟ್‌ಹ್ಯಾಂಡು, ಒಂದು ಚಿಹ್ನೆ ಒಳಗೆ ಉದ್ದ ರಾಗ ಅಡಗಿದೆ, ಗುರುಗಳಿಂದ ಕಲಿತವನಿಗೆ ಮಾತ್ರ ಬಿಚ್ಚೋಕೆ ಬರತ್ತೆ ಅಂತ. ಈ ಲೆಕ್ಕದಲ್ಲಿ ಎರಡು ನಿಮಿಷದ ಹಾಡು ಹತ್ತು ನಿಮಿಷ ಆಗಬಹುದು. ಕೋಪನ್‌ಹೇಗನ್‌ನವರು ಇದ್ದಿದ್ದು ಇದ್ದಹಾಗೆ ಓದಿದ್ರು, ಒಂದು ಚಿಹ್ನೆಗೆ ಒಂದು ಸ್ವರ, ಅದು ಪೇಪರಲ್ಲಿ ಚೊಕ್ಕ, ಹಾಡಿದ್ರೆ ಒಣಕಲು. ಮೂರನೇ ದಾರಿ ಗ್ರೀಕ್ ಸಂಗೀತ ವಿದ್ವಾಂಸ ಸೀಮೋನ್ ಕರಾಸ್ ತೋರಿಸಿದ್ದು, ಚಿಹ್ನೆಗಳನ್ನ ಚಿಕ್ಕದಾಗೇ ಓದಿ, ಆದ್ರೆ ಅಲಂಕಾರ ಚಿಹ್ನೆಗಳಿಗೆ ಬಾಯಿಂದ ಬಾಯಿಗೆ ಬಂದ ಗಮಕ ಕೊಡಿ ಅನ್ನೋದು. ಅವರ ಶಿಷ್ಯ ಲಿಕೂರ್ಗೊಸ್ ಅಂಗೆಲೋಪುಲೋಸ್ 1977ರಲ್ಲಿ ಗ್ರೀಕ್ ಬೈಜಾಂಟೈನ್ ಕಾಯರ್ ಕಟ್ಟಿ ಇದನ್ನ ಲೋಕಕ್ಕೆಲ್ಲ ಕೇಳಿಸಿದ್ರು. ಇದೇ ದಾರೀಲಿ ಮುಂದೆ ಹೋದ ಯೋಆನ್ನಿಸ್ ಅರ್ವಾನಿತಿಸ್ 2010ರಲ್ಲಿ ಆಕ್ಸ್‌ಫರ್ಡ್‌ಗೆ ಕೊಟ್ಟ ಪ್ರಬಂಧದಲ್ಲಿ ಈ ಹಾಡುಗಳಿಗೆ ಎರಡೆರಡು ಎಣಿಕೆಯ ಲಯ ಇತ್ತು ಅಂತ ವಾದ ಮಾಡಿದ್ದಾರೆ.

ಪ್ರಾಕ್ಟಿಕಲ್ ಆಗಿ ಮಾಡೋದು ಏನು ಅಂದ್ರೆ, ಸ್ವರ ಬಿಟ್ಟು ಬರೀ ಸಾಹಿತ್ಯಾನ ಕೈತಟ್ಟಿ ಹೇಳಿ. ಒತ್ತಕ್ಷರಕ್ಕೆ ಚಪ್ಪಾಳೆ ಬೀಳಲಿ, ಎರಡೆರಡು ಎಣಿಕೆ. ಸಾಲು 1 ಮತ್ತು 3 ಒಂದೇ ಥರ ಕೂತ್ರೆ ಲಯ ಹಿಡಿದಿದ್ದೀರ. ಆಮೇಲೆ ಸ್ವರ ಸೇರಿಸಿ. ಇದು ಬಾಯಿಗೆ ಸರಾಗ ಬಂದಮೇಲೆ ಗಮಕ. ಮೊದಲೇ ಗಮಕ ಹಾಕ್ಕೊಂಡ್ರೆ, ಅದರಲ್ಲೂ ನಮ್ಮ ಕಡೆ ಸಂಗೀತ ಕಲಿತ ಗಂಟಲು ತನಗೆ ಗೊತ್ತಿರೋ ಕಂಪಿತಾನ ಎಲ್ಲಾ ಕಡೆ ಹಾಕಿಬಿಡತ್ತೆ, ಕೇಳೋಕೆ ಚೆಂದ ಇರಬಹುದು ಆದ್ರೆ ಅದು ಬೈಜಾಂಟೈನ್ ಅಲ್ಲ. ಅಂಗೆಲೋಪುಲೋಸ್ ಅವರ ರೆಕಾರ್ಡಿಂಗ್ ಕೇಳಿ, ಪೆತಸ್ತಿ ಬಂದ ಕಡೆ ದನಿ ಮೇಲಕ್ಕೆ ಹೇಗೆ ಸ್ವಲ್ಪ ಚಿಮ್ಮಿ ಬರತ್ತೆ ಅಂತ ಗಮನಿಸಿ, ಅಷ್ಟನ್ನೇ ತಗೊಳ್ಳಿ.

ಶ್ರುತಿ, ಕೋಣೆ, ರೆಕಾರ್ಡಿಂಗು

ಕೆಳಗಡೆ ಹಿಡಿಯೋ ಶ್ರುತಿ ದನಿ ಮಧ್ಯಯುಗದ ಹಸ್ತಪ್ರತೀಲಿ ಬರೆದಿಲ್ಲ. ಅದರ ಬಗ್ಗೆ ಸಿಗೋ ಹಳೇ ಉಲ್ಲೇಖ 1584ರದ್ದು, ಜರ್ಮನಿಯ ಮಾರ್ಟಿನ್ ಕ್ರೂಸಿಯಸ್ ಬರೆದದ್ದು. ಹಾಗಂತ ಹಿಡೀಬಾರದು ಅಂತೇನಿಲ್ಲ, ಹಿಡಿದ್ರೆ ಅದೂ ಎರಡನೇ ಬಣ್ಣದ ಪೆನ್ನಿಗೆ ಹೋಗ್ಬೇಕು ಅಷ್ಟೇ. ಹಿಡಿಯೋದಾದ್ರೆ ಪ್ರತಿ ಎರಡು ಸ್ವರಕ್ಕೂ ಬದಲಾಯಿಸ್ತಾ ಕೂರೋದು ಬೇಡ, ಒಂದೇ ಸ್ವರ ಗಟ್ಟಿಯಾಗಿ ಹಿಡೀರಿ, ಮಾರ್ತಿರಿಯಾ ಬೇರೆ ಕಡೆ ಹೋದಾಗ ಮಾತ್ರ ಸರಿಸಿ.

ರಿವರ್ಬ್ ಬಗ್ಗೆ ಎಲ್ಲರಿಗೂ ಆಸೆ ಇರತ್ತೆ. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದಲ್ಲಿ ದನಿ ಹತ್ತು ಸೆಕೆಂಡಿಗೂ ಮೇಲೆ ಅನುರಣಿಸತ್ತೆ. ಅಲ್ಲಿ ಹಾಡೋಕೆ ಅವಕಾಶ ಇರಲಿಲ್ಲ, ಸ್ಟ್ಯಾನ್‌ಫರ್ಡ್‌ನ ಬಿಸೇರಾ ಪೆಂಚೆವಾ ತಂಡದವರು ಒಳಗೆ ಬಲೂನ್ ಒಡೆದು ಆ ಸದ್ದು ರೆಕಾರ್ಡ್ ಮಾಡ್ಕೊಂಡು ಬಂದು, ಕಂಪ್ಯೂಟರಲ್ಲಿ ಕಟ್ಟಡದ ಗುಣಾನ ಲೆಕ್ಕ ಹಾಕಿದ್ರು. ಅಲೆಕ್ಸಾಂಡರ್ ಲಿಂಗಾಸ್ ಕಟ್ಟಿದ ಕಪೆಲ್ಲಾ ರೊಮಾನಾ ತಂಡ ಕ್ಯಾಲಿಫೋರ್ನಿಯಾದಲ್ಲಿ ನಿಂತು ಅದರೊಳಗೆ ಹಾಡಿ 2019ರಲ್ಲಿ ಆಲ್ಬಂ ತಂತು. ಇಂಥ ಜಾಗದಲ್ಲಿ ಹಾಡಿದ್ರೆ ಸ್ಪೀಡು ತಾನಾಗೇ ಇಳಿಯತ್ತೆ, ಸ್ವರ ಮೇಲೆ ಸ್ವರ ಕೂತು ಕಲಸಿಹೋಗತ್ತೆ ಅಂತ. ಆದ್ದರಿಂದ ಮೊದಲ ರೆಕಾರ್ಡಿಂಗ್ ಒಣ ಕೋಣೇಲಿ ಮಾಡಿ, ಫೋನ್ ಸಾಕು. ಒಣ ರೆಕಾರ್ಡಿಂಗಲ್ಲಿ ಮೆಟ್ಟಿಲು ತಪ್ಪಿದ್ದು ಕೇಳತ್ತೆ, ರಿವರ್ಬ್ ಎಲ್ಲಾ ಮುಚ್ಚಿಹಾಕತ್ತೆ.

ಪಬ್ಲಿಕ್ ಆಗಿ ಹಾಕೋದಾದ್ರೆ ಕೆಳಗೆ ಬರೀರಿ: ಯಾವ ಹಸ್ತಪ್ರತಿ, ಯಾವ ಪುಟ, ಎರಡನೇ ಪ್ರತಿ ಯಾವುದು, ಎಲ್ಲೆಲ್ಲಿ ಎರಡನೇದನ್ನ ಅನುಸರಿಸಿದ್ದೀರಿ, ಸ್ಕೇಲ್ ಯಾವುದು, ಲಯ ಯಾರ ವಾದದ ಪ್ರಕಾರ, ಶ್ರುತಿ ಸೇರಿಸಿದ್ದು ನೀವೇ ಅಂತ. ಹಸ್ತಪ್ರತಿ ಫೋಟೋ ವಿಡಿಯೋಗೆ ಹಾಕೋ ಮುಂಚೆ ಆ ಲೈಬ್ರರಿ ಇಲ್ಲಾ ಮಠದ ಅನುಮತಿ ನಿಯಮ ನೋಡಿ, ಓದೋಕೆ ಫ್ರೀ ಇದ್ದಮಾತ್ರಕ್ಕೆ ಅಚ್ಚು ಹಾಕೋಕೆ ಫ್ರೀ ಅಂತಲ್ಲ. ಇದು ಜನ ಇವತ್ತೂ ಪ್ರಾರ್ಥನೇಲಿ ಹಾಡೋ ಹಾಡು ಅನ್ನೋದೂ ನೆನಪಿರಲಿ, ಕೆಳಗೆ ಬೀಟ್ ಹಾಕಿ ರೀಲ್ಸ್ ಮಾಡೋರನ್ನ ನೋಡಿದ್ರೆ ನನಗಂತೂ ಸಿಟ್ಟು ಬರತ್ತೆ.

ಕಾಸಿಯಾ ಮುಗಿದ ಮೇಲೆ ಏನು ಅಂದ್ರೆ, ಇದೇ ವಿಯೆನ್ನಾ ಪುಸ್ತಕದಲ್ಲಿ ಅವಳ ಪವಿತ್ರ ಬುಧವಾರದ ಹಾಡು ತಗೊಳ್ಳಿ, ಅದು ನಾಲ್ಕನೇ ಪ್ಲಾಗಲ್, ಜೋಡಿ ಸಾಲುಗಳ ಊರುಗೋಲು ಇಲ್ಲಿ ಇರಲ್ಲ, ಮಾರ್ತಿರಿಯಾ ಮತ್ತು ಎರಡನೇ ಪ್ರತಿ ಎರಡನ್ನೇ ನಂಬ್ಕೋಬೇಕು. ಅದೂ ಕೈಗೆ ಬಂದ್ರೆ ಇಟಲಿಯ ಗ್ರೊತ್ತಫೆರ್ರಾತಾ ಮಠದಲ್ಲಿ 1289ರಲ್ಲಿ ಬರೆದ, ಈಗ ಫ್ಲಾರೆನ್ಸಲ್ಲಿರೋ ಆಶ್‌ಬರ್ನ್‌ಹ್ಯಾಮ್ 64 ಇದೆ, ಒಬ್ಬನೇ ಹಾಡೋ ಕೊಂದಾಕಿಯೋನ್ ಅನ್ನೋ ಜಾತಿ ಹಾಡುಗಳ ಪುಸ್ತಕ. ಅಲ್ಲಿ ಒಂದು ಅಕ್ಷರಕ್ಕೆ ಎಷ್ಟೋ ಸ್ವರ, ಎಕ್ಸೆಲ್ ಶೀಟು ಉದ್ದಕ್ಕೆ ಬೆಳೀತಾ ಹೋಗತ್ತೆ, ಕಾಲಮ್ಮುಗಳು ಮಾತ್ರ ಇವೇ ಆರು.